ಫ್ರಿಜ್ಜಿಗೆ ನೀಲಿ ಚೀಟಿ

ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನೋ ಬುದ್ಧಿ ನನ್ನದು. ತಂಗಿ ಮದುವೆಯಾಗಿ ಜರ್ಮನಿಯ ಷ್ಟುಟ್‌ಗಾರ್ಟ್‌ನಲ್ಲಿದ್ದಾಳೆ. ಬೇಸಿಗೆಗೆ ಅಮ್ಮನನ್ನು ಕರೆದುಕೊಂಡು ಹೋಗಬೇಕು. ಅಷ್ಟರಲ್ಲಿ ನಾಲ್ಕು ಮಾತು ಜರ್ಮನ್ ಕಲಿಯೋಣ ಅನ್ನಿಸಿತು. ಫೀಸು ಕಟ್ಟಿ ಕಲಿಯೋದಾದರೆ ಬೆಂಗಳೂರಿನಲ್ಲೇ ಮ್ಯಾಕ್ಸ್ ಮುಲ್ಲರ್ ಭವನ ಇದೆ. ಇಂಟರ್ನೆಟ್ಟಿನಲ್ಲಿ ಬಿಟ್ಟಿ ಸಿಗುವಾಗ ಸುಮ್ನೆ ಯಾಕೆ ಖರ್ಚು, ಅಲ್ವಾ?

ಸಿಗೋದೇನೋ ನಿಜ. ಎಫ್‌ಎಸ್‌ಐ (ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್) ಭಾಷಾ ಕೋರ್ಸುಗಳನ್ನು ಅಮೆರಿಕ ಸರ್ಕಾರ ತನ್ನ ರಾಯಭಾರ ಕಚೇರಿಯವರಿಗಾಗಿ ಮಾಡಿಸಿದ್ದು. ಅವುಗಳಿಗೆ ಕಾಪಿರೈಟ್ ಕಾಟವಿಲ್ಲ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಆದರೆ ಹಳೇ ಟೇಪಿನ ದನಿ. ಒಂದೇ ವಾಕ್ಯವನ್ನು ಹಿಂದೆಮುಂದೆ ಮಾಡಿ ಹೇಳಿಸಿ ಹೇಳಿಸಿ ಜೀವ ತಿನ್ನುತ್ತಾರೆ. ಪದ ನೆನಪಿಟ್ಟುಕೊಳ್ಳಲು ಆಂಕಿ ಅನ್ನೋ ಆ್ಯಪ್ ಇದೆ, ಪದಗಳನ್ನು ಕಾರ್ಡು ಮಾಡಿ ಕೇಳುತ್ತದೆ. ಕಂಪ್ಯೂಟರಿಗೂ ಆಂಡ್ರಾಯ್ಡಿಗೂ ಬಿಟ್ಟಿ, ಐಫೋನಿನವರು ಮಾತ್ರ ದುಡ್ಡು ಕೊಡಬೇಕು. ಮರೆತ ಪದವನ್ನು ಬೇಗ ಬೇಗ ಕೇಳುತ್ತದೆ, ಗೊತ್ತಿರೋದನ್ನು ನಿಧಾನಕ್ಕೆ. ನಾಲ್ಕು ದಿನ ತಪ್ಪಿಸಿದರೆ ಬಾಕಿ ಕಾರ್ಡು ಗುಡ್ಡೆ ಬೀಳುತ್ತವೆ.

ಎಲ್ಲಕ್ಕಿಂತ ಚೆಂದ ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚೆ ವೆಲ್ಲೆಯವರ ‘ನಿಕೋಸ್ ವೇಗ್’ ಅನ್ನೋ ವಿಡಿಯೋ ಪಾಠ. ಜರ್ಮನಿಗೆ ಬಂದಿಳಿದು ಬ್ಯಾಗ್ ಕಳೆದುಕೊಂಡ ಹುಡುಗನ ಕಥೆಯಲ್ಲೇ ಪಾಠ. ಅವರೆಕಾಯಿ ಬಿಡಿಸುತ್ತಾ ಕೂತಿದ್ದ ಅಮ್ಮ ಅದಕ್ಕೆ ಅಂಟಿಕೊಂಡುಬಿಟ್ಟರು. ಭಾಷೆ ಬರದಿದ್ದರೇನು, ಧಾರಾವಾಹಿ ಧಾರಾವಾಹಿಯೇ. ನಾನು ವ್ಯಾಕರಣದ ಅಭ್ಯಾಸ ತೆಗೆದರೆ ಸಾಕು, “ಅದೆಲ್ಲ ಆಮೇಲೆ ಮಾಡ್ಕೋ, ಪಾಪ ಆ ಹುಡುಗನ ಬ್ಯಾಗ್ ಸಿಕ್ತಾ ನೋಡು” ಅನ್ನುತ್ತಿದ್ದರು. ಹೀಗಾಗಿ ಕಥೆ ಓಡಿತು, ವ್ಯಾಕರಣ ನಿಂತಲ್ಲೇ ನಿಂತಿತು.

ಆ ವ್ಯಾಕರಣವಾದರೂ ಎಂಥದ್ದು! ನಮಗೆ ಫ್ರಿಜ್ಜು, ಗಡಿಯಾರ, ಕಿಟಕಿ ಎಲ್ಲ ‘ಅದು’. ಅವರಿಗೆ ಫ್ರಿಜ್ಜು ಗಂಡು, ಗಡಿಯಾರ ಹೆಣ್ಣು, ಕಿಟಕಿ ಎರಡೂ ಅಲ್ಲ. ಯೂಟ್ಯೂಬಿನ ಮೇಷ್ಟರೊಬ್ಬರು ಉಪಾಯ ಹೇಳಿಕೊಟ್ಟರು: ಗಂಡಿಗೆ ನೀಲಿ, ಹೆಣ್ಣಿಗೆ ಕೆಂಪು, ಮೂರನೆಯದಕ್ಕೆ ಹಸಿರು ಚೀಟಿ ಬರೆದು ಸಾಮಾನಿಗೆಲ್ಲ ಅಂಟಿಸಿ. ಭಾನುವಾರ ಪೂರ್ತಿ ಅದೇ ಕೆಲಸ. ಫ್ರಿಜ್ಜು, ಟೀವಿ, ಮೇಜಿಗೆ ನೀಲಿ. ವಾಷಿಂಗ್ ಮೆಷಿನ್ನು, ಬಾಗಿಲಿಗೆ ಕೆಂಪು. ಸೋಫಾಕ್ಕೆ ಹಸಿರು.

ಸೋಮವಾರ ಬೆಳಿಗ್ಗೆ ದೊಡ್ಡಪ್ಪ ಮದುವೆ ಕರೆಯೋಲೆ ಹಿಡಿದು ಬಂದರು. ಬಾಗಿಲ ಚೀಟಿ ನೋಡಿದರು. ಟೀವಿ ನೋಡಿದರು. ಸೋಫಾದ ತುದಿಯಲ್ಲಿ, ಚೀಟಿಗೆ ತಾಗದ ಹಾಗೆ ಕೂತರು. ಕಾಫಿ ಲೋಟ ಕೈಯಲ್ಲೇ ಆರುತ್ತಿತ್ತು.

“ಏನೋ ಇದು, ಜಪ್ತಿಗೆ ಬಂದಿದ್ರಾ?”

“ಅಯ್ಯೋ ಇಲ್ಲ ದೊಡ್ಡಪ್ಪ, ಜರ್ಮನ್ನು.”

“ಜರ್ಮನಿ ಬ್ಯಾಂಕಲ್ಲಿ ಯಾಕೋ ಸಾಲ ಮಾಡಿದೆ? ನಮ್ಮ ಊರಿನ ಸೊಸೈಟಿ ಇರಲಿಲ್ವಾ?”

ಅಮ್ಮ ಒಳಗಿಂದ ಬಂದು, “ಹಾಗೇನಿಲ್ಲ ಭಾವ, ಕೆಂಪಂದ್ರೆ ಹೆಣ್ಣು” ಅಂತ ವಿವರಿಸಿದ ಮೇಲಂತೂ ಅವರು ಎದ್ದೇಬಿಟ್ಟರು.

ಸಂಜೆಯೊಳಗೆ ಸುದ್ದಿ ಮೈಸೂರು ದಾಟಿತ್ತು. ಫೋನಿನ ಮೇಲೆ ಫೋನು. ಅತ್ತೆಯೊಬ್ಬರು ಒಡವೆ ಅಡ ಇಡೋಕೆ ಬೇಕಾದರೆ ಕೇಳು ಅಂದರು. ಕೈಸಾಲ ಇಸಿದುಕೊಂಡು ವರ್ಷಗಟ್ಟಲೆ ಮುಖ ತೋರಿಸದಿದ್ದ ಭಾವಮೈದುನ ರಾತ್ರಿ ಯುಪಿಐನಲ್ಲಿ ಅಷ್ಟೂ ದುಡ್ಡು ಕಳಿಸಿ, “ಭಾವ, ಧೈರ್ಯವಾಗಿರಿ” ಅಂತ ಮೆಸೇಜು ಹಾಕಿದ.

ಚೀಟಿ ಇನ್ನೂ ಕಿತ್ತಿಲ್ಲ. ದುಡ್ಡು ವಾಪಸ್ ಕೊಡಬೇಕಾದವರು ಇನ್ನಿಬ್ಬರು ಇದ್ದಾರೆ.