‘ಗುಡುಗುಡಿಯ ಸೇದಿ ನೋಡೋ’ ರಘು ದೀಕ್ಷಿತ್ ಬರೆದದ್ದಲ್ಲ

‘ಗುಡುಗುಡಿಯ ಸೇದಿ ನೋಡೋ’ ಗಾಯಕ ರಘು ದೀಕ್ಷಿತ್ ಬರೆದ ಹಾಡು, ಅದಕ್ಕೇ ಬ್ರಿಟನ್ನಿನಲ್ಲಿ ಪ್ರಶಸ್ತಿ ಬಂತು ಅನ್ನೋ ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಎರಡೂ ತಪ್ಪು.

ಆ ಹಾಡು ಶಿಶುನಾಳ ಶರೀಫರದು. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ, ಈಗಿನ ಹಾವೇರಿ ಜಿಲ್ಲೆಯ ಶಿಶುನಾಳದ ಸಂತಕವಿ. ಗುರು ಗೋವಿಂದ ಭಟ್ಟರ ಶಿಷ್ಯ. ರಘು ಇದನ್ನು ಹಾಡಿರುವ ‘ಅಂತರಾಗ್ನಿ’ ಆಲ್ಬಮ್ಮಿನ ‘ಸೋರುತಿಹುದು ಮನೆಯ ಮಾಳಿಗಿ’ ಕೂಡ ಅವರದೇ. ಶರೀಫರ ಪದಗಳನ್ನು ಸಿ. ಅಶ್ವತ್ಥ್ ಬಹಳ ಮೊದಲೇ ಹಾಡಿ ಮನೆಮನೆಗೆ ಮುಟ್ಟಿಸಿದ್ದರು. ರಘು ಅವಕ್ಕೆ ಹೊಸ ರಾಗ, ಗಿಟಾರು, ಡ್ರಮ್ಸ್ ಕೊಟ್ಟರು. ಅದೇನು ಸಣ್ಣ ಕೆಲಸವಲ್ಲ. ಶರೀಫರ ಹೆಸರೇ ಕೇಳದ ಹುಡುಗರು ಆ ಸಾಲುಗಳನ್ನು ಬಾಯಿಪಾಠ ಮಾಡಿದ್ದು ಅದರಿಂದಲೇ. ಆದರೆ ಬರೆದವರ ಹೆಸರು ಬಿಟ್ಟು ಹಾಡು ಹಂಚಿದರೆ ಶರೀಫಜ್ಜನಿಗೆ ಅನ್ಯಾಯ ಅಲ್ವಾ?

ಇನ್ನು ಆಲ್ಬಮ್ಮು. ‘ಅಂತರಾಗ್ನಿ’ 2008ರಲ್ಲಿ ಬಂತು. ಹಿಂದಿ ಸಿನಿಮಾ ಸಂಗೀತದ ಜೋಡಿ ವಿಶಾಲ್–ಶೇಖರ್ ಅವರ ಸಂಗೀತ ಕಂಪನಿ ಅದನ್ನು ಹೊರತಂದಿತು. ಪೂರ್ತಿ ಕನ್ನಡದ್ದು ಅಂತಲೂ ಕೆಲವರು ಹೇಳುತ್ತಾರೆ. ಆದರೆ ಅದರಲ್ಲಿ ಹಿಂದಿ ಹಾಡುಗಳೇ ಜಾಸ್ತಿ, ಇಂಗ್ಲಿಷೂ ಇದೆ.

ಬ್ರಿಟನ್ನಿನ ಮೆಚ್ಚುಗೆ ಬಂದದ್ದು ಆಮೇಲೆ. 2010ರಲ್ಲಿ ರಘು ಬಿಬಿಸಿ ಟಿವಿಯ ಜೂಲ್ಸ್ ಹಾಲೆಂಡ್ ಸಂಗೀತ ಕಾರ್ಯಕ್ರಮದಲ್ಲಿ ಹಾಡಿದ ನಂತರ ಅಲ್ಲಿನ ಕೇಳುಗರು ಈ ಆಲ್ಬಮ್ ಹುಡುಕಿ ಕೊಂಡರು. 2011ರಲ್ಲಿ ಅಲ್ಲಿನ ಸಂಗೀತ ಪತ್ರಿಕೆ ‘ಸಾಂಗ್‌ಲೈನ್ಸ್’ ರಘುಗೆ ಕೊಟ್ಟದ್ದು ಅತ್ಯುತ್ತಮ ಹೊಸ ಕಲಾವಿದ ಪ್ರಶಸ್ತಿ. ಅದು ಯಾವುದೋ ಒಂದು ಹಾಡಿಗೆ ಸಿಕ್ಕಿದ್ದಲ್ಲ. ಮುಂದೆ ಹಂಚುವಾಗ ದಯವಿಟ್ಟು ಶರೀಫರ ಹೆಸರು ಸೇರಿಸಿ.