ಮಣ್ಣಾಗ ಆಡ್ಲಿಕ್ಕ ಫೀ ಕಟ್ರಿ, ರಸೀದಿ ತೊಗೋರಿ

ಕಲಬುರಗಿದಾಗ ಈಗ ಒಂದು ಹೊಸ ಧಂಧೆ ಶುರು ಆಗ್ಯಾದ, ಮಣ್ಣಿಂದು. ಉಸುಕಿನ ದಂಧೆ ಅಂತ ತಿಳ್ಕೋಬ್ಯಾಡ್ರಿ, ಅದು ರಾತ್ರಿ ನಡೀತದ, ಇದು ಹಾಡಹಗಲೇ ನಡೀತದ, ರಸೀದಿನೂ ಕೊಡ್ತಾರ. ರಿಂಗ್ ರೋಡ್ ಕಡಿ ಹೋದ್ರ ಕಂಬ ಕಂಬಕ್ಕೂ ಫ್ಲೆಕ್ಸ್ ಜೋತಾಡ್ತಾವ, 'ನೇಚರ್ ಬೇಸ್ಡ್ ಪ್ಲೇಸ್ಕೂಲ್, ಲರ್ನಿಂಗ್ ಥ್ರೂ ಪ್ಲೇ, ಅಡ್ಮಿಷನ್ ಓಪನ್', ತೆಳಗ ಒಂದು ಬೆಳ್ಳನ ಕೂಸು ಹುಲ್ಲಿನ ಮ್ಯಾಲ ಕುಂತು ಚಿಟ್ಟಿ ಹಿಡೀಲತ್ತದ. ಆ ಕೂಸೂ ನಮ್ಮೂರಿಂದಲ್ಲ, ಆ ಹುಲ್ಲೂ ನಮ್ಮೂರಿಂದಲ್ಲ, ಚಿಟ್ಟಿ ಅಂತೂ ಯಾವ ದೇಶದ್ದೋ ಏನೋ, ಎಲ್ಲಾ ನೆಟ್‌ದಾಗಿಂದ ಇಳಿಸಿದ್ದು.

ಒಳಗ ಹೋಗಿ ನೋಡಿದ್ರ ನೇಚರ್ ಅಂದ್ರ ಏನಂತ ತಿಳೀತದ. ಮೊದಲ ಆ ಜಾಗಾದಾಗ ಎರಡು ದೊಡ್ಡ ಬೇವಿನ ಗಿಡ ಇದ್ವು. ಎಲಿ ಉದುರಿ ಕಸ ಆಗ್ತದ ಅಂತ ಎರಡೂ ಕಡಿಸಿ, ಕಂಪೌಂಡ್ ತುಂಬ ಶಹಾಬಾದಿ ಫರ್ಸಿ ಹಾಕಿ, ಫರ್ಸಿ ಮ್ಯಾಲ ಹಸಿರು ಪ್ಲಾಸ್ಟಿಕ್ ಹುಲ್ಲು ಹಾಸಿ, ಗ್ವಾಡಿಗಿ ಒಂದು ಗಿಡದ ಪೇಂಟಿಂಗ್ ಮಾಡಿಸ್ಯಾರ. ಪೇಂಟಿಂಗ್ ಗಿಡದ ಎಲಿ ಉದುರಂಗಿಲ್ಲ ನೋಡ್ರಿ, ಮೆಂಟೇನೆನ್ಸ್ ಇಲ್ಲ. ನೆರಳೂ ಇಲ್ಲ, ಆದ್ರ ನೆರಳು ಕೊಡ್ತೀವಿ ಅಂತ ಬ್ರೋಷರ್‌ದಾಗ ಎಲ್ಲಿ ಬರ್ದಾರ್ರಿ? ಪ್ಲಾಸ್ಟಿಕ್ ಹುಲ್ಲು ಬಿಸಲಿಗಿ ಗಾಳಿಗಿಂತ 20 ಡಿಗ್ರಿ ಜಾಸ್ತಿನೇ ಕಾಯ್ತದ, ನಮ್ಮೂರಾಗ ಮೇ ತಿಂಗಳದಾಗ ಗಾಳಿನೇ 43-44 ಇರ್ತದ, ಲೆಕ್ಕ ನೀವೇ ಹಾಕ್ರಿ. ಇಂಥ ಬಿಸಲಿಗಿ ಹೆದರಿ ನಮ್ ಕಡಿ ಏಪ್ರಿಲ್ ಮೇದಾಗ ಸರ್ಕಾರಿ ಆಫೀಸಿನವ್ರೇ ಮುಂಜಾನೆ 8ಕ್ಕ ಬಂದು ಮಧ್ಯಾಹ್ನ ಒಂದೂವರಿಗಿ ಮನಿ ದಾರಿ ಹಿಡೀತಾರ, ಆದ್ರ ಇವ್ರು ಮೂರು ವರ್ಷದ ಮಕ್ಕಳಿಗಿ 'ಔಟ್‌ಡೋರ್ ಸಮರ್ ಕ್ಯಾಂಪ್' ಅಂತ 11 ಗಂಟೆಕ್ಕ ಇಟ್ಟಾರ, ಯಾಕಂದ್ರ ಆವಾಗ ಲೈಟಿಂಗ್ ಚೊಲೋ ಇರ್ತದಂತ ಫೋಟೋಗ್ರಾಫರ್ ಹೇಳ್ಯಾನ.

ಆದ್ರ ಖರೆ ಮಜಾ ಇರೋದು 'ಮಡ್ ಡೇ' ದಿನ. ನಮ್ ಓಣಿಯ ಬ್ಯಾಂಕ್ ಸಾಹೇಬ್ರ ಮಗ ಅಲ್ಲೇ ನರ್ಸರಿ ಹೋಗ್ತಾನ, ಅವರ ವಾಟ್ಸಾಪಿಗಿ ಬಂದ ಸರ್ಕ್ಯುಲರ್ ನಾನೇ ಕಣ್ಣಾರೆ ನೋಡೀನಿ. ಬರೋ ಶನಿವಾರ ಮಡ್ ಡೇ, ಮಕ್ಕಳಿಗಿ ಬಿಳಿ ಟೀಶರ್ಟ್ ಹಾಕಿ ಕಳಸ್ರಿ, ಎರಡು ಜೊತಿ ಬಟ್ಟಿ, ವೆಟ್ ವೈಪ್ಸ್, ಸ್ಯಾನಿಟೈಜರ್, ಡೆಟಾಲ್ ಸಾಬಾನ, ಮಣ್ಣಿನ ಅಲರ್ಜಿ ಇಲ್ಲ ಅಂತ ಪಾಲಕರ ಸಹಿ, ಮತ್ತ 850 ರೂಪಾಯಿ. ಬಿಳಿ ಟೀಶರ್ಟ್ ಯಾಕ್ರಿ ಅಂತ ಸಾಹೇಬ್ರ ಮನಿಯವ್ರು ಕೇಳಿದ್ರ 'ಮಣ್ಣು ನೀಟಾಗಿ ಕಾಣ್ಬೇಕಲ್ಲ ಮೇಡಂ' ಅಂದ್ರಂತ. ಮಣ್ಣು ಎಲ್ಲಿಂದ್ರಿ ಅಂದ್ರ ಬೆಂಗಳೂರಿಂದ, ಪ್ಯಾಕೆಟ್ ಕೆಂಪು ಮಣ್ಣು, ಕ್ಲೀನ್ ಮಾಡಿದ್ದು, ಹುಳ ಇಲ್ಲ ಹುಪ್ಪಡಿ ಇಲ್ಲ. ಜಿಲ್ಲಾ ತುಂಬ ಎರಿ ಭೂಮಿ, ಮಳಿ ಬಂದ್ರ ಚಪ್ಪಲಿಗಿ ಎರಡೆರಡು ಕೇಜಿ ಹತ್ತಿ ಬರ್ತದ, ಅದು ಬ್ಯಾಡಂತ, ಕಲಿ ಹೋಗಂಗಿಲ್ಲಂತ. 2019ರಾಗ ನಮ್ ತೊಗರಿ ಬ್ಯಾಳಿಗಿ 'ಇದು ಈ ನೆಲದ್ದೇ' ಅನ್ನೋ ಜಿಐ ಟ್ಯಾಗ್ ಸಿಕ್ಕಿದ್ದು ಈ ಮಣ್ಣಿನ ಪುಣ್ಯಾದಿಂದ, ಈಗ ನಾವು ಮನಿ ತೊಗರಿ ಅಡತಿಗಿ ಹಾಕಿ ಮಾಲ್‌ದಾಗ ಬ್ಯಾಳಿ ಪ್ಯಾಕೆಟ್ ತರೋ ಜನ, ಮಣ್ಣಿಂದೂ ಹಂಗೇ ಮಾಡ್ಲತ್ತೀವಿ.

ಮಡ್ ಡೇ ಹೆಂಗ ನಡೀತು ಅಂದ್ರ, ಒಂದು ಪ್ಲಾಸ್ಟಿಕ್ ಟಬ್, ಅದರಾಗ ಒಂದು ಗೇಣು ಮಣ್ಣು, ಮುಂದ ಲೈನ್. ಒಬ್ಬೊಬ್ಬರ್ನ ಎತ್ತಿ ಟಬ್‌ದಾಗ ನಿಂದರಿಸೋದು, ಟೀಚರ್ ತಾನೇ ಗ್ಲೌಸ್ ಹಾಕ್ಕೊಂಡು ಕೂಸಿನ ಎರಡೂ ಗಲ್ಲಕ್ಕ ಒಂದೊಂದು ಬೊಟ್ಟು ಮಣ್ಣು ಹಚ್ಚೋದು, 'ಸ್ಮೈಲ್ ಬೇಟಾ', ಕ್ಲಿಕ್, ನೆಕ್ಸ್ಟ್. ಅಳೋ ಮಕ್ಕಳಿಗಿ ಚಾಕ್ಲೇಟ್ ತೋರಿಸಿ ನಗಿಸೋದು. ನಮ್ ಸಾಹೇಬ್ರ ಪೋರ ಮಾತ್ರ ಭಾಳ ಹುಷಾರ್, ಲೈನ್ ತಪ್ಪಿಸ್ಕೊಂಡು ಹೋಗಿ ಹಿಂದ ನೀರಿನ ಟ್ಯಾಂಕ್ ಹತ್ರ ಪೈಪ್ ಸೋರಿ ಖರೆ ರಾಡಿ ಆಗಿತ್ತಲ್ಲ, ಅಲ್ಲಿ ಕುಂತು ಒಂದು ಕಾಲುವಿ ಮಾಡಿ, ಕಾಲುವಿಗಿ ಕಲ್ಲಿನ ಒಡ್ಡು ಹಾಕಿ, ಒಡ್ಡು ಒಡದು ನೀರು ಹೋದ್ಕೂಡ್ಲೇ ಮತ್ತ ಕಟ್ಟಿ, ಒಂದು ಎರೆಹುಳನ ಆಚಿ ದಂಡಿಗಿ ದಾಟಿಸಿ, ಪಕ್ಕದಾಗ ಬಂದು ಕುಂತ ಆಯಾಬಾಯಿ ಮಗಳಿಗಿ 'ನೀ ಇಲ್ಲಿ ಕೈ ಹಿಡಿ, ನಾ ಅಲ್ಲಿ ಮುಚ್ತೀನಿ' ಅಂತ ಕೆಲಸ ಹಚ್ಚಿ, ಭಾಳ ಹೊತ್ತು ತನ್ ಪಾಡಿಗಿ ತಾನು ಇದ್ದ. ಇಡೀ ದಿನದಾಗ ಆ ಶಾಲೆದಾಗ ನಡೆದ ಶಿಕ್ಷಣ ಅಂದ್ರ ಅದೊಂದೇ. ಸಿಸಿಟಿವಿದಾಗ ಕಂಡಿದ್ದೇ ತಡ, ಇಬ್ರು ಟೀಚರ್ ಓಡಿ ಬಂದು ಎತ್ಕೊಂಡು ಹೋಗಿ ತೊಳದು, ಡೈರಿದಾಗ ಕೆಂಪು ಇಂಕಿಂದ ಬರದ್ರು: 'ಯುವರ್ ವಾರ್ಡ್ ವಾಸ್ ಫೌಂಡ್ ಪ್ಲೇಯಿಂಗ್ ಇನ್ ಮಡ್.' ಮಡ್ ಡೇ ದಿನ ರೀ!

ಆಟದಾಗೇ, ಮಣ್ಣಾಗೇ ಮಕ್ಕಳು ಕಲೀತಾವ ಅನ್ನೋ ಇದರ ಹಿಂದಿನ ಮೂಲ ಮಾತು ಸುಳ್ಳಲ್ಲ ಅನ್ನೋದೇ ಸಂಕಟ. ಫ್ರೋಬೆಲ್ ಅನ್ನೋ ಜರ್ಮನ್ ಮಾಸ್ತರ 1837ರಾಗ ಬಾಡ್ ಬ್ಲಾಂಕೆನ್‌ಬುರ್ಗ್ ಅನ್ನೋ ಸಣ್ಣ ಊರಾಗ ಮಕ್ಕಳಿಗಿ ಆಟದ ಶಾಲಿ ತೆಗದ, ಹಾಡು, ಕಟ್ಟಿಗಿ ತುಂಡು, ಚೆಂಡು, ಮತ್ತ ಒಂದೊಂದು ಕೂಸಿಗಿ ತಾನೇ ಬೀಜ ಹಾಕ್ಲಿಕ್ಕ ಒಂದೊಂದು ಮಡಿ ನೆಲ. 1851ರಾಗ ಪ್ರಷ್ಯಾ ಸರ್ಕಾರ ಇದನ್ನ ಬ್ಯಾನ್ ಮಾಡ್ತು, ಇದರಾಗ ನಾಸ್ತಿಕರ ವಾಸನಿ ಸಮಾಜವಾದಿಗಳ ವಾಸನಿ ಬರ್ತದ ಅಂತ. ನಮ್ಮಲ್ಲಿ ಬ್ಯಾನ್ ಮಾಡೋ ಜರೂರತ್ತೇ ಇಲ್ಲ, ಒಂದು ಪೇರೆಂಟ್ಸ್ ಮೀಟಿಂಗ್ ಕರದ್ರ ಸಾಕು. ನಮ್ಮವರೇ ಗಿಜುಭಾಯಿ ಬಧೇಕಾ ವಕೀಲಿಕಿ ಬಿಟ್ಟು 1920ರಾಗ ಭಾವನಗರದಾಗ ಬಾಲಮಂದಿರ ತೆಗದು ಕಥಿ, ಆಟ, ತಿರುಗಾಟದಾಗ ಮಕ್ಕಳಿಗಿ ಕಲಿಸಿದ್ರು. ಡೆನ್ಮಾರ್ಕಿನವ್ರು 1950ರ ಸುಮಾರಿಗಿ ಮಕ್ಕಳ್ನ ಸೀದಾ ಅಡವಿಗೇ ಕರ್ಕೊಂಡು ಹೋದ್ರು, ಗ್ವಾಡಿನೂ ಇಲ್ಲ ಛತ್ತೂ ಇಲ್ಲ. ಫಿನ್‌ಲ್ಯಾಂಡ್‌ದಾಗ ಡೇಕೇರ್ ಅಂಗಳಕ್ಕ ಕಾಡಿನ ನೆಲ ತಂದು ಹಾಸಿ, 3ರಿಂದ 5 ವರ್ಷದ ಮಕ್ಕಳ್ನ 28 ದಿನ ಅದರಾಗ ಆಡಿಸಿ ನೋಡಿದ್ರ ಚರ್ಮದ ಮ್ಯಾಲ ಒಳ್ಳೆ ಬ್ಯಾಕ್ಟೀರಿಯಾ ಬಗಿಬಗಿ ಹೆಚ್ಚಾಗಿ, ರಕ್ತದಾಗಿನ ರೋಗನಿರೋಧಕದ ಲಕ್ಷಣಾನೂ ಸುಧಾರಿಸ್ಯಾವ ಅಂತ 2020ರಾಗ ಪ್ರಕಟ ಮಾಡ್ಯಾರ. ಚೀನಾದ ಗ್ವಾಂಗ್‌ಝೌದಾಗ ಒಂದನೇ ಕ್ಲಾಸಿನ ಮಕ್ಕಳ್ನ ದಿನಾ 40 ನಿಮಿಷ ಜಾಸ್ತಿ ಹೊರಗ ಬಿಟ್ಟಿದ್ದಕ್ಕ ಮೂರು ವರ್ಷದಾಗ ಚಸ್ಮಾ ಬರೋರ ಪ್ರಮಾಣ ಕಮ್ಮಿ ಆಗ್ಯಾದ. ಅಲ್ಲಿ ಮಣ್ಣು ತಂದು ಹಾಸಿ ಹಣೆಬರಹ ಬದಲಿಸ್ಲತ್ತಾರ, ನಾವು ಇದ್ದ ಮಣ್ಣಿಗಿ ಫರ್ಸಿ ಹೊದಿಸ್ಲತ್ತೀವಿ.

ಮಡ್ ಡೇ ಮುಗದು ಸೋಮವಾರ ಬಂತು ಅಂದ್ರ ಏನು ನಡೀತದ ಅಂತ ಕೇಳ್ರಿ. ನಾಲ್ಕು ಗೆರಿ ಕಾಪಿ, ಎರಡು ಗೆರಿ ಕಾಪಿ, ಚೌಕಾನಿ ಕಾಪಿ, ಕರ್ಸಿವ್ ರೈಟಿಂಗ್, ಒಂದರಿಂದ ನೂರು, ರೈಮ್ಸ್ ಬುಕ್ಕು, ಜಿಕೆ ಬುಕ್ಕು (ಮೂರು ವರ್ಷದ ಕೂಸಿಗಿ ರಾಷ್ಟ್ರಪತಿ ಯಾರು ಅಂತ ಗೊತ್ತಿಲ್ಲಾಂದ್ರ ದೇಶ ನಡೀಬೇಕು ಹೆಂಗ). ಮನಷ್ಯಾರ ಮಣಿಕಟ್ಟಿನಾಗ 8 ಸಣ್ಣ ಎಲಬು ಅವ, ಮೂರು ವರ್ಷದ ಕೂಸಿಗಿ ಅದರಾಗ ಹೆಚ್ಚಿನವು ಇನ್ನೂ ಎಲಬೇ ಆಗಿರಂಗಿಲ್ಲ, ಮೆತ್ತಗೇ ಇರ್ತಾವ. ಆ ಕೈಗಿ ಬೇಕಾಗಿದ್ದು ಹಿಟ್ಟು ನಾದೋದು, ಮಣ್ಣು ಹಿಚಕೋದು, ಗಿಡದ ಟೊಂಗಿ ಹಿಡದು ಜೋತಾಡೋದು, ಇವ್ರು ಅದಕ್ಕ ಪೆನ್ಸಿಲ್ ಕೊಟ್ಟು 'ಗ್ರಿಪ್ ಸರಿ ಇಲ್ಲ' ಅಂತ ರಿಮಾರ್ಕ್ ಬರೀತಾರ. ಆಮ್ಯಾಲ ಗ್ರಿಪ್ ಸರಿ ಮಾಡ್ಲಿಕ್ಕ ಸ್ಪೆಷಲ್ ಕ್ಲಾಸ್, ಅಲ್ಲಿ ಪ್ಲೇ ಡೋ ಹಿಚಕಿಸ್ತಾರ, ಅದಕ್ಕ ಬ್ಯಾರೆ ಫೀ. ಕೇಂದ್ರ ಸರ್ಕಾರ 2022ರಾಗ ಬುನಾದಿ ಹಂತದ ಪಠ್ಯಕ್ರಮದ ಚೌಕಟ್ಟು ಅಂತ ದಪ್ಪಾನ ಪುಸ್ತಕ ತಂದು, 3ರಿಂದ 6 ವರ್ಷದ ಮಕ್ಕಳಿಗಿ ಪಠ್ಯಪುಸ್ತಕವೇ ಬ್ಯಾಡ, ಆಟದಾಗೇ ಕಲಿಸ್ರಿ ಅಂತ ಹೇಳಿ ಕುಂತದ. ಅದರ ಪ್ರಿಂಟ್ ಪ್ರಿನ್ಸಿಪಾಲರ ಟೇಬಲ್ ಮ್ಯಾಲೇ ಅದ, ಅದರ ಮ್ಯಾಲ ಅಡ್ಮಿಷನ್ ಇಂಟರ್ವ್ಯೂದ ಫಾರ್ಮ್ ಇಟ್ಟಾರ, ಗಾಳಿಗಿ ಹಾರಬಾರ್ದಂತ ಆಮ್ಯಾಲ ಪೇಪರ್ ವೇಟ್. ಸ್ಕ್ರೀನಿಂಗ್ ಮಾಡಿ ಅಡ್ಮಿಷನ್ ಕೊಟ್ರ 25,000 ರೂಪಾಯಿ ತನಕ ದಂಡ ಅಂತ ಶಿಕ್ಷಣ ಹಕ್ಕಿನ ಕಾಯ್ದೆ ಆರ್‌ಟಿಇದ 13ನೇ ಕಲಂ ಹೇಳ್ತದಲ್ರಿ ಅಂದ್ರ, 'ಇದು ಇಂಟರ್ವ್ಯೂ ಅಲ್ಲ ಸರ್, ಇಂಟರಾಕ್ಷನ್' ಅಂತಾರ.

ಬರೇ ಶಾಲಿಯವ್ರಿಗಿ ಬೈದ್ರ ಏನ್ ಬಂತು, ಪಾಲಕರು ಕಮ್ಮಿ ಏನು. ಅದೇ ಓಣಿ ತುದಿಗಿ ಒಂದು ಅಂಗನವಾಡಿ ಅದ. ಮುಂದ ಬೇವಿನ ಗಿಡ, ಗಿಡದ ತೆಳಗ ಮಣ್ಣು, ಮಣ್ಣಾಗ ಮಕ್ಕಳು. ಅಕ್ಕೋರು ಹಾಡು ಹಾಡಿಸ್ತಾರ, ಬೇವಿನ ಬೀಜ ಆರಿಸಿ ಎಣಿಸ್ಲಿಕ್ಕ ಹಚ್ತಾರ, ಬಿಸಿ ಊಟ ಕೊಡ್ತಾರ, ತತ್ತಿ ಕೊಡ್ತಾರ, ಫೀ ಸೊನ್ನಿ. 1975ರ ಅಕ್ಟೋಬರ್ 2ಕ್ಕ ಶುರು ಆದ ಯೋಜನೆ ಇದು, ಅದರ ಆರು ಸೇವೆದಾಗ ಶಾಲಾಪೂರ್ವ ಶಿಕ್ಷಣಾನೂ ಒಂದು. ನಮ್ ಸಾಹೇಬ್ರಿಗಿ ಅಲ್ಲೇ ಹಾಕ್ರಲ್ಲ ಅಂದ್ರ ಮುಖ ಸಿಂಡರಿಸಿ 'ಅಲ್ಲಿ ಏನೂ ಕಲಸಂಗಿಲ್ರಿ, ಬರೇ ಆಡಸ್ತಾರ' ಅಂದ್ರು. ಬರೇ ಆಡಸ್ತಾರ! ಇದೇ ಮಾತು ಇಂಗ್ಲಿಷ್‌ದಾಗ ಫ್ಲೆಕ್ಸ್ ಮ್ಯಾಲ ಬರದಿದ್ದಕ್ಕ ನೀವು ವರ್ಷಕ್ಕ ಅರವತ್ತು ಸಾವಿರ ಕಟ್ಟೀರಲ್ರಿ ಸಾಹೇಬ್ರ. ಖರೆ ಹೇಳ್ಬೇಕಂದ್ರ ಎಲ್ಲಾ ಅಂಗನವಾಡಿನೂ ಹಿಂಗಿಲ್ಲ, ಬಾಡಗಿ ಖೋಲಿದಾಗ ಉಸಿರುಗಟ್ಟಿ ನಡೆಯೋವು ಭಾಳ ಅವ, ಮ್ಯಾಲ ಅಕ್ಕೋರಿಗಿ ವೋಟರ್ ಲಿಸ್ಟೂ ಬೇಕು, ಸರ್ವೇನೂ ಬೇಕು, ಪೋಷಣ್ ಟ್ರ್ಯಾಕರ್ ಆ್ಯಪ್‌ದಾಗ ಬಾಣಂತಿ ಮುಖದ ಫೋಟೋ ಹೊಡದು ನೆಟ್‌ವರ್ಕ್ ಬರೋ ತನಕ ಮಾಳಿಗಿ ಮ್ಯಾಲ ನಿಂದರ್ಲೂಬೇಕು. ಅಷ್ಟರ ನಡುವ ಅವ್ರು ಒಂದು ಹಾಡು ಹಾಡಿಸಿದ್ರ ಅದೇ ದೊಡ್ಡದು.

ಮತ್ತ ಆ ಆರು ವರ್ಷದ ಗಲಾಟೆ ನೆನಪದ ಏನು? ಜೂನ್ 1ಕ್ಕ ಆರು ತುಂಬಿದ್ರ ಮಾತ್ರ ಒಂದನೇ ಕ್ಲಾಸು ಅಂತ ಸರ್ಕಾರ ಅಂತು, ಕೂಸಿಗಿ ಇನ್ನೊಂದು ವರ್ಷ ಆಡ್ಲಿಕ್ಕ ಸಿಗ್ತದಲ್ಲ ಅಂತ ಯಾವ ಪಾಲಕರರೇ ಪೇಢೆ ಹಂಚಿದ್ರೇನು? ಇಲ್ಲ, ನಮ್ ಕೂಸಿನ ಒಂದು ವರ್ಷ ಹಾಳಾಗ್ತದ ಅಂತ ಬೊಬ್ಬಿ ಹೊಡದ್ರು. ಕಡಿಗಿ 2025-26ಕ್ಕ ಐದು ವರ್ಷ ಐದು ತಿಂಗಳಿಗಿ ಇಳಿಸಿದ್ರು. ಆಡೋ ಒಂದು ವರ್ಷ ಹಾಳು ವರ್ಷ ಅಂತ ಲೆಕ್ಕ ಹಾಕೋ ಜನ ನಾವು, ಲೇಔಟ್ ಪಾರ್ಕಿಗಿ ಬೀಗ ಹಾಕಿ 'ಹುಲ್ಲಿನ ಮ್ಯಾಲ ಕಾಲಿಡಬಾರದು' ಅಂತ ಬೋರ್ಡ್ ಬಡದಿದ್ದು ನಮಗ ಸರಿನೇ ಅನಸ್ತದ.

ಎಳ್ಳ ಅಮಾಸಿ ಬಂತು. ನಮ್ ಕಡಿ ಅವತ್ತು ಅರ್ಧ ಊರು ಖಾಲಿ, ಎಲ್ಲಾರೂ ಭಜ್ಜಿ, ಸಜ್ಜಿ ರೊಟ್ಟಿ, ಕಡಬು ಬುತ್ತಿ ಕಟ್ಕೊಂಡು ಹೊಲಕ್ಕ ಹೋಗಿ ಚರಗ ಚೆಲ್ಲಿ, ಕಡ್ಲಿ ಸುಲಗಾಯಿ ತಿಂದು, ಬಾರಿಹಣ್ಣು ಬಡದು ಬರ್ತಾರ. ಸಾಹೇಬ್ರ ಅಪ್ಪನ್ದು ಆಳಂದ ಕಡಿ ಎಂಟೆಕರೆ ಹೊಲ ಅದ. ಯೂನಿಟ್ ಟೆಸ್ಟ್ ಅದ ಅಂತ ಶಾಲಿಯವ್ರು ರಜಾ ಕೊಡ್ಲಿಲ್ಲ, ಮುತ್ಯಾ ಕೇಳೋ ಮನಷ್ಯಾ ಅಲ್ಲ, ಮೊಮ್ಮಗನ್ನ ಹೆಗಲ ಮ್ಯಾಲ ಕುಂದರಿಸ್ಕೊಂಡು ಮುಂಜಾನೆನೇ ನಡದ. ಪೋರ ದಿನಾ ಪೂರ್ತಿ ಎರಿ ಮಣ್ಣಾಗ ಹೊಳ್ಳಾಡಿದ, ಕರಿ ಮಾರಿ ಮಾಡ್ಕೊಂಡು ಎತ್ತಿನ ಕೋಡು ಹಿಡದು ನಿಂತ ಫೋಟೋ ಸಾಹೇಬ್ರ ಸ್ಟೇಟಸ್‌ದಾಗ ಬಂತು.

ಮರುದಿನ ಶಾಲಿಯಿಂದ ಫೋನ್. ಲೀವ್ ಲೆಟರ್ ಕೇಳ್ತಾರೇನೋ ಅಂತ ಸಾಹೇಬ್ರು ಹೆದರಿ ಎತ್ತಿದ್ರ, ಪ್ರಿನ್ಸಿಪಾಲ್ ಮೇಡಂ ಭಾಳ ನಾಜೂಕಾಗಿ, ಲೊಕೇಶನ್ ಭಾರಿ ಅದ ಸರ್, ಮುಂದಿನ ವರ್ಷದ ಮಡ್ ಡೇ ನಿಮ್ ಹೊಲದಾಗೇ ಮಾಡೋಣು, ನಿಮ್ ಫಾದರ್‌ಗಿ ಬಾಡಗಿ ಕೊಡ್ತೀವಿ, ಮಕ್ಕಳಿಗಿ ತಲಾ 1,500 ಪ್ಯಾಕೇಜ್, ಎತ್ತು ಇನ್‌ಕ್ಲೂಡೆಡ್ ಅಂದ್ರಂತ. ಫೋನ್ ಸ್ಪೀಕರ್ ಮ್ಯಾಲಿತ್ತು, ಮುತ್ಯಾ ಅಲ್ಲೇ ಕಟ್ಟಿ ಮ್ಯಾಲ ಎಲಿ ಅಡಕಿ ಹಾಕ್ಕೊಂಡು ಕುಂತಿದ್ದ.

'ನನ್ ಮೊಮ್ಮಗನೂ ಬರ್ತಾನಲ್ರಿ ಅಕ್ಕೋರೆ, ಅವಂದೂ ರೊಕ್ಕ ತೊಗೋತೀರೇನು?'

'ಮ್ಯಾನೇಜ್‌ಮೆಂಟ್ ರೂಲ್ ಎಲ್ಲಾರಿಗೂ ಒಂದೇ ಅಂಕಲ್. ಆದ್ರ ನಿಮಗಂತ ಟೆನ್ ಪರ್ಸೆಂಟ್ ಡಿಸ್ಕೌಂಟ್ ಮಾಡಸ್ತೀನಿ, ಈ ತಿಂಗಳೇ ಕಟ್ಟಿದ್ರ ಮಾತ್ರ.'