ಪೈಪ್ ರಿಪೇರಿ ಮಾಡುವವರೇ ನಮ್ಮೂರಿನ ಫೈರ್ ಬ್ರಿಗೇಡ್

ಅಮೆರಿಕದ ಸಣ್ಣ ಊರುಗಳಲ್ಲಿ ಬೆಂಕಿ ಆರಿಸಲು ಬರುವವರು ಹೆಚ್ಚಾಗಿ ಸಂಬಳದವರಲ್ಲ. ಇಲ್ಲಿಗೆ ಬಂದು ಎಷ್ಟೋ ವರ್ಷವಾದ ನಮ್ಮ ಕನ್ನಡದವರಿಗೂ ಇದು ಗೊತ್ತಿರುವುದಿಲ್ಲ. ತೆರಿಗೆ ಕಟ್ಟುತ್ತೇವೆ, ಫೋನ್ ಮಾಡಿದರೆ ಸರ್ಕಾರಿ ಗಾಡಿ ಬರುತ್ತದೆ ಅಂದುಕೊಂಡಿರುತ್ತಾರೆ. 2020ರ ಲೆಕ್ಕದಲ್ಲಿ ಈ ದೇಶದಲ್ಲಿದ್ದ ಸುಮಾರು 10.4 ಲಕ್ಷ ಅಗ್ನಿಶಾಮಕರಲ್ಲಿ 6.77 ಲಕ್ಷ ಜನ ಸ್ವಯಂಸೇವಕರು. ಪ್ಲಂಬರ್, ಎಲೆಕ್ಟ್ರಿಷಿಯನ್, ಮೆಕ್ಯಾನಿಕ್, ಬಡಗಿ, ಹಾಲಿನ ಹಸು ಸಾಕುವ ರೈತ. ಸೊಂಟದ ಪೇಜರ್ ಕೂಗಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುವವರು.

ನಾನಿರುವುದು ಪೆನ್ಸಿಲ್ವೇನಿಯಾದ ಇಂಥದ್ದೇ ಒಂದು ಊರಿನಲ್ಲಿ. ನಮ್ಮ ಬೀದಿಯ ಅರ್ಧ ಮನೆಗಳ ಪೈಪು, ಬಾಯ್ಲರ್ ನೋಡಿಕೊಳ್ಳುತ್ತಿದ್ದ ಪ್ಲಂಬರ್ ಒಬ್ಬರು ಈ ವರ್ಷ ಉರಿಯುವ ಮನೆಯೊಳಗೆ ನುಗ್ಗುವ ಕೆಲಸದಿಂದ ಹಿಂದೆ ಸರಿದರು. ಮಂಡಿ ಕೇಳುತ್ತಿಲ್ಲ. ಈ ರಾಜ್ಯದಲ್ಲಿ 14 ವರ್ಷಕ್ಕೇ ಜೂನಿಯರ್ ಆಗಿ ಫೈರ್ ಕಂಪನಿ, ಅಂದರೆ ಊರಿನ ಅಗ್ನಿಶಾಮಕ ದಳ, ಸೇರಬಹುದು, ಇವರೂ ಹುಡುಗರಾಗಿದ್ದಾಗಲೇ ಸೇರಿದವರು. ಅವರ ಜಾಗ ತುಂಬಲು ಯಾರೂ ಸಿಕ್ಕಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಒಂದು ಜನವರಿ ರಾತ್ರಿ ನಮ್ಮ ಮನೆಯ ಕಾರ್ಬನ್ ಮೊನಾಕ್ಸೈಡ್ (ವಾಸನೆಯಿಲ್ಲದ ವಿಷಗಾಳಿ) ಅಲಾರಂ ಹೊಡೆದುಕೊಂಡಿತು. ಹೊರಗೆ ಮೈ ಕೊರೆಯುವ ಚಳಿ. ಮಕ್ಕಳನ್ನು ಕಂಬಳಿಯಲ್ಲಿ ಸುತ್ತಿಕೊಂಡು ಅಂಗಳಕ್ಕೆ ಬಂದೆವು. ಗಾಡಿಯಿಂದ ಮೊದಲು ಇಳಿದವರು ಇವರೇ. ಮೀಟರ್ ಹಿಡಿದು ನೆಲಮಾಳಿಗೆಗೆ ಇಳಿದರು, ಮನೆ ಬಿಸಿ ಮಾಡುವ ಫರ್ನೇಸ್ ಆಫ್ ಮಾಡಿದರು. ಹೊಗೆ ಹೊರಹೋಗುವ ಕೊಳವೆ ಯಾವ ಜಾಗದಲ್ಲಿ ಬಿಟ್ಟುಕೊಂಡಿದೆ ಅಂತ ಟಾರ್ಚ್ ಹಾಕಿ ತೋರಿಸಿದರು. "ಈ ರಾತ್ರಿ ಅದನ್ನು ಹಚ್ಚಬೇಡಿ, ಮಕ್ಕಳನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಿ" ಅಂದರು. ಬೆಳಿಗ್ಗೆ ತಮ್ಮ ಪ್ಲಂಬಿಂಗ್ ವ್ಯಾನಿನಲ್ಲಿ ಬಂದು ಆ ಕೊಳವೆ ಸರಿಮಾಡಿ, ಅದಕ್ಕೆ ಮಾತ್ರ ಬಿಲ್ ಕೊಟ್ಟರು.

ಆ ಎರಡು ಕೆಲಸ ಅವರಿಗೆ ಬೇರೆಬೇರೆ ಆಗಿರಲೇ ಇಲ್ಲ ಅನ್ನುವುದು ನನಗೆ ಆಮೇಲೆ ಅರ್ಥವಾಯಿತು. ಇಲ್ಲಿನ ಹಳೆಯ ಮನೆಗಳಲ್ಲಿ ಗೋಡೆಯೊಳಗಿನ ಮರದ ಕಂಬಗಳು ಬುನಾದಿಯಿಂದ ಸೂರಿನವರೆಗೆ ಒಂದೇ ಸಮ ಹೋಗಿರುತ್ತವೆ, ನಡುವೆ ಅಡ್ಡ ತಡೆ ಇರುವುದಿಲ್ಲ. ನೆಲಮಾಳಿಗೆಯಲ್ಲಿ ಹತ್ತಿದ ಬೆಂಕಿ ಗೋಡೆಯೊಳಗೇ ಹತ್ತಿಕೊಂಡು ಅಟ್ಟ ಸೇರುತ್ತದೆ. ನಡುವಿನ ಕೋಣೆಯಲ್ಲಿ ನಿಂತವರಿಗೆ ಏನೂ ಕಾಣುವುದಿಲ್ಲ. ಆ ಗೋಡೆಗಳನ್ನು ಹತ್ತಾರು ವರ್ಷ ಕೊರೆದು ಪೈಪ್ ಹಾಕಿದವರಿಗೆ ಎಲ್ಲಿ ಒಡೆದು ನೋಡಬೇಕು ಅಂತ ಗೊತ್ತಿರುತ್ತದೆ. ಹೊಸ ಮನೆಗಳ ಕಷ್ಟ ಇನ್ನೊಂದು ತರಹ. ತೆಳು ಮರದ ತುಂಡುಗಳನ್ನು ತಗಡಿನ ಪಟ್ಟಿಯಿಂದ ಜೋಡಿಸಿದ ಸೂರು ಬೆಂಕಿಗೆ ಬೇಗ ಕುಸಿಯುತ್ತದೆ. ಅದು ಬಡಗಿಗೆ ಗೊತ್ತು. ಊರಿನ ಹೊರಗೆ ಹೈಡ್ರಂಟ್, ಅಂದರೆ ಬೆಂಕಿ ಆರಿಸಲು ರಸ್ತೆಬದಿಯಲ್ಲಿಟ್ಟ ನೀರಿನ ನಲ್ಲಿ, ಇಲ್ಲ. ಟ್ಯಾಂಕರ್‌ನಲ್ಲಿ ನೀರು ತಂದು, ಮಡಚುವ ತೊಟ್ಟಿಯನ್ನು ರಸ್ತೆಯಲ್ಲೇ ಬಿಚ್ಚಿ, ಅದರಲ್ಲಿ ತುಂಬಿಸಿ ಪಂಪ್ ಮಾಡಬೇಕು. ಯಾರ ಹೊಲದ ಕೆರೆಯಲ್ಲಿ ಬೇಸಿಗೆಯಲ್ಲೂ ನೀರಿರುತ್ತದೆ ಅನ್ನುವುದು ರೈತನಿಗೆ ಗೊತ್ತು.

ನಮ್ಮ ಸಾಗರದ ಕಡೆ ಹುಲ್ಲಿನ ಬಣವೆಗೆ ಬೆಂಕಿ ಬಿದ್ದರೆ ತಾಲೂಕು ಕೇಂದ್ರದಿಂದ ಗಾಡಿ ಬರುವವರೆಗೆ ಯಾರೂ ಕೂತಿರುವುದಿಲ್ಲ. ಕೊಡ ಹಿಡಿದು ಊರೇ ಓಡುತ್ತದೆ. ಕಾಡಿಗೆ ಬಿದ್ದರೆ ಹಸಿ ಸೊಪ್ಪಿನ ಕೊಂಬೆ ಮುರಿದು ಬಡಿಯುತ್ತಾರೆ. ಇಲ್ಲಿಯೂ ಅದೇ ಮನಸ್ಸು, ಆದರೆ ಅದಕ್ಕೆ ತರಬೇತಿ ಇದೆ, ಕಟ್ಟಡ ಇದೆ, ಲೆಕ್ಕಪತ್ರ ಇದೆ. 1736ರಲ್ಲಿ ಫಿಲಡೆಲ್ಫಿಯಾದಲ್ಲಿ ಯೂನಿಯನ್ ಫೈರ್ ಕಂಪನಿ ಶುರು ಮಾಡಿದ ಬೆಂಜಮಿನ್ ಫ್ರಾಂಕ್ಲಿನ್ ಕೂಡ ಆಗ ಪ್ರಿಂಟಿಂಗ್ ಕಸುಬಿನವರು. ಸದಸ್ಯರು ಚರ್ಮದ ಬಕೆಟ್ ಇಟ್ಟುಕೊಳ್ಳಬೇಕಿತ್ತು, ಸಾಮಾನು ಹೊರತರಲು ಚೀಲವನ್ನೂ.

ಈಗ ಬಕೆಟ್ ಸಾಲದು. ಪೂರ್ತಿ ಉಡುಪು, ಬೆನ್ನಿಗೆ ಗಾಳಿಯ ಸಿಲಿಂಡರ್ ಸೇರಿದರೆ ಮೈಮೇಲೆ ಇಪ್ಪತ್ತು ಕಿಲೋ ಮೀರುತ್ತದೆ. ಬೆಂಕಿಗೆ ಇಳಿಯುವ ಮೊದಲು 150 ಗಂಟೆಗಿಂತ ಜಾಸ್ತಿ ತರಬೇತಿ, ಅದೂ ದುಡಿದು ಬಂದ ಸಂಜೆಗಳಲ್ಲಿ, ಶನಿವಾರ ಭಾನುವಾರಗಳಲ್ಲಿ. ಹೊಸ ಫೈರ್ ಇಂಜಿನ್ ಕೊಳ್ಳುವ ದುಡ್ಡಿಗೆ ಇವರೇ ಶುಕ್ರವಾರ ಮೀನು ಕರಿದು ಮಾರುತ್ತಾರೆ, ದುಡ್ಡು ಕಟ್ಟಿ ಆಡುವ ಬಿಂಗೊ ಆಟ ಆಡಿಸುತ್ತಾರೆ. ಇದು ನನಗೆ ನಿಜಕ್ಕೂ ನೋವು ಕೊಡುವ ಸಂಗತಿ. ಮನೆಯೊಳಗೆ ನುಗ್ಗಿ ಜೀವ ಉಳಿಸುವವರು ಅದಕ್ಕೆ ಬೇಕಾದ ಗಾಡಿಗೂ ತಾವೇ ದುಡ್ಡು ಕೂಡಿಸಬೇಕಾ?

ಮೈಗೆ ಬೀಳುವ ಪೆಟ್ಟೂ ಸಣ್ಣದಲ್ಲ. ಕೆಲಸದ ಮೇಲಿದ್ದಾಗ ಸಾಯುವ ಅಗ್ನಿಶಾಮಕರಲ್ಲಿ ಬೆಂಕಿಗಿಂತ ಹೃದಯಾಘಾತಕ್ಕೆ ಬಲಿಯಾಗುವವರು ಜಾಸ್ತಿ. ಈ ಕೆಲಸ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2022ರಲ್ಲಿ ಖಚಿತವಾಗಿ ಹೇಳಿತು. ಟೆಕ್ಸಾಸ್‌ನ ವೆಸ್ಟ್ ಅನ್ನುವ ಸಣ್ಣ ಊರಿನಲ್ಲಿ 2013ರ ಏಪ್ರಿಲ್ 17ರಂದು ಗೊಬ್ಬರದ ಗೋದಾಮಿಗೆ ಬೆಂಕಿ ಬಿತ್ತು. ಆರಿಸಲು ಓಡಿದವರು ಸ್ವಯಂಸೇವಕರು. ಕರೆ ಬಂದು ಅರ್ಧ ಗಂಟೆಯೊಳಗೆ ಅಮೋನಿಯಂ ನೈಟ್ರೇಟ್ ಸಿಡಿಯಿತು. ಸತ್ತವರು 15 ಜನ, ಅವರಲ್ಲಿ 12 ಜನ ನೆರವಿಗೆ ಹೋದವರು.

1984ರಲ್ಲಿ ಈ ದೇಶದಲ್ಲಿ ಸುಮಾರು 8.98 ಲಕ್ಷ ಸ್ವಯಂಸೇವಕರಿದ್ದರು. 2020ಕ್ಕೆ ಅದು 6.77 ಲಕ್ಷಕ್ಕೆ ಇಳಿದಿತ್ತು. ಕರೆಗಳು ಮಾತ್ರ ಮೂರು ಪಟ್ಟು ಮೀರಿ ಬೆಳೆದಿವೆ. ಈಗ ಹೆಚ್ಚಿನ ಕರೆ ಬೆಂಕಿಗಲ್ಲ, ಎದೆನೋವಿಗೆ, ಬಿದ್ದ ಅಜ್ಜಿಯನ್ನು ಎತ್ತಲು, ಕಾರ್ ಅಪಘಾತಕ್ಕೆ. ಹುಡುಗರಿಗೆ ಸೇವಾಭಾವ ಇಲ್ಲ ಅಂತ ಸುಮ್ನೆ ಬೈಯುವವರನ್ನು ನಾನು ಒಪ್ಪುವುದಿಲ್ಲ. ಮೊದಲು ಊರಿನೊಳಗೇ ಗಿರಣಿ, ಕಾರ್ಖಾನೆ, ಅಂಗಡಿ ಇದ್ದವು. ಸೈರನ್ ಕೂಗಿದರೆ ಮಾಲೀಕರೇ ಹೋಗು ಅನ್ನುತ್ತಿದ್ದರು. ಈಗ ದುಡಿಯುವವರು ಮುಕ್ಕಾಲು ಗಂಟೆ ದೂರ ಡ್ರೈವ್ ಮಾಡಿ ಹೋಗುತ್ತಾರೆ. ಹಗಲು ಹೊತ್ತು ಫೈರ್ ಹೌಸ್‌ನಲ್ಲಿ ಇಂಜಿನ್ ಇರುತ್ತದೆ, ಓಡಿಸುವವರು ಇರುವುದಿಲ್ಲ. ಬೆಂಕಿಯೋ ಈಗ ಮೊದಲಿನಷ್ಟು ಕಾಯುವುದಿಲ್ಲ. ಮರ, ಹತ್ತಿಯ ಹಳೆ ಸಾಮಾನಿದ್ದ ಕೋಣೆ ಪೂರ್ತಿ ಹೊತ್ತಿಕೊಳ್ಳಲು ಹೆಚ್ಚುಕಡಿಮೆ ಅರ್ಧ ಗಂಟೆ ಬೇಕಿತ್ತು. ಫೋಮ್ ಸೋಫಾ ಇರುವ ಈಗಿನ ಕೋಣೆಗೆ ನಾಲ್ಕೈದು ನಿಮಿಷ ಸಾಕು.

ಹಾಗಾದರೆ ಹಗಲಲ್ಲಿ ಊರಿನಲ್ಲಿ ಇರುವವರು ಯಾರು? ನಾವು. ಮನೆಯಿಂದಲೇ ಕೆಲಸ ಮಾಡುವ ನಮ್ಮಂಥ ಸಾಫ್ಟ್‌ವೇರ್ ಜನ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ರಾಜ್ಯೋತ್ಸವದ ಊಟಕ್ಕೆ ಹೆಸರು ಕೊಡಿ ಅಂದರೆ ಒಂದೇ ಸಂಜೆಗೆ ಪಟ್ಟಿ ತುಂಬುತ್ತದೆ. ಅಲ್ಲಿರುವ ಪ್ರತಿಯೊಬ್ಬರ ಮನೆಗೂ ಕರೆ ಬಂದಾಗ ಓಡಿ ಬರುವುದು ಇದೇ ಕಂಪನಿ ಅಲ್ವಾ? ವರ್ಷಕ್ಕೊಂದು ಚೆಕ್ ಕಳಿಸುವುದು ಒಳ್ಳೆಯದೇ. ಆದರೆ ಚೆಕ್ ಇಂಜಿನ್ ಓಡಿಸುವುದಿಲ್ಲ.

ಎಲ್ಲರೂ ಬೆಂಕಿಯೊಳಗೆ ನುಗ್ಗಬೇಕಾಗಿಲ್ಲ. ಪಂಪ್ ನೋಡಿಕೊಳ್ಳುವವರು ಬೇಕು, ರಸ್ತೆಯಲ್ಲಿ ನಿಂತು ಕಾರು ತಡೆಯುವವರು ಬೇಕು, ಅನುದಾನದ ಅರ್ಜಿ ಬರೆಯುವವರು ಬೇಕು. ಕೊನೆಯದಂತೂ ನಮ್ಮವರಿಗೆ ಚೆನ್ನಾಗಿ ಬರುವ ಕೆಲಸ. ಸ್ವಯಂಸೇವಕರಿಗೆ ತೆರಿಗೆಯಲ್ಲಿ ರಿಯಾಯಿತಿ ಕೊಡಲು ಪೆನ್ಸಿಲ್ವೇನಿಯಾದ 2016ರ ಕಾನೂನು ಊರಿನ ಆಡಳಿತಕ್ಕೆ ಅವಕಾಶ ಕೊಟ್ಟಿದೆ. ನಿಮ್ಮ ಊರಿನಲ್ಲಿ ಅದು ಜಾರಿಯಾಗಿದೆಯಾ ಅಂತ ಕೇಳಿ, ಆಗಿಲ್ಲದಿದ್ದರೆ ಮುಂದಿನ ಸಭೆಗೆ ಹೋಗಿ ಕೇಳಿ.

ನಮ್ಮ ಪ್ಲಂಬರ್ ಮನೆಯಲ್ಲಿ ಕೂತಿಲ್ಲ. ಹೊಸದಾಗಿ ಸೇರಿದವರಿಗೆ ಪಂಪ್ ಓಡಿಸುವುದನ್ನು ಕಲಿಸುತ್ತೇನೆ ಅಂದಿದ್ದಾರೆ. ನಾನು ಹೆಸರು ಕೊಟ್ಟಿದ್ದೇನೆ. ಅಕ್ಕಪಕ್ಕದ ಊರುಗಳಲ್ಲಿರುವ ಕನ್ನಡದವರು ಯಾರಾದರೂ ಬರುವುದಾದರೆ ಇನ್‌ಬಾಕ್ಸ್‌ಗೆ ಬರೆಯಿರಿ, ಒಟ್ಟಿಗೇ ಹೋಗೋಣ.